ಬಾಲದ ಬಟ್ಟೆಯನ್ನು ಎರಡನೆಯ ಬಾರಿ ಹೊದಿಸಿದ್ದು

ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮ ವಿಮಾನಕ್ಕೆ ವಿಮಾನದ ಆಕಾರ ಬಂದಿತ್ತು. ಹುನಗುಂದದ ಹೊರವಲಯದಲ್ಲಿ, ಹಿಂದೆ ಶೇಂಗಾ ಚೀಲಗಳನ್ನು ಒಟ್ಟುತ್ತಿದ್ದ ವಖಾರಿಯೊಂದರಲ್ಲಿ ಅದು ತನ್ನ ಮೂರು ಗಾಲಿಗಳ ಮೇಲೆ ನಿಂತಿತ್ತು. ಎರಡು ಆಸನಗಳ, ಒಂದು ಎಂಜಿನ್ನಿನ ಹಗುರ ವಿಮಾನ. ಪೆಟ್ಟಿಗೆಗಳಲ್ಲಿ ಬಿಡಿಭಾಗಗಳಾಗಿ ಬಂದು, ಕೈಪಿಡಿಯ ಪ್ರಕಾರ ಒಂದೊಂದಾಗಿ ಜೋಡಣೆಗೊಂಡದ್ದು. ರೆಕ್ಕೆಗಳು ತಮ್ಮ ಸ್ಥಾನದಲ್ಲಿ ಕುಳಿತಿದ್ದವು. ಎಂಜಿನ್ ಅಂಗಳದಲ್ಲಿ ಒಮ್ಮೆ ಗುಡುಗಿ, ಪಕ್ಕದ ಹೊಲದ ಎತ್ತುಗಳನ್ನು ಬೆದರಿಸಿ, ತಾನು ಬದುಕಿರುವುದನ್ನು ಸಾರಿತ್ತು. ಇನ್ನು ಉಳಿದದ್ದು ಅಂತಿಮ ಕೆಲಸಗಳು ಮಾತ್ರವೆಂದು ನಾವು ಬಂದವರಿಗೆಲ್ಲ ಹೇಳುತ್ತಿದ್ದೆವು.

ವಿಮಾನವನ್ನು ಕಟ್ಟುತ್ತಿದ್ದವರು ನಾನಲ್ಲ, ಗಂಡ ಹೆಂಡತಿ ಇಬ್ಬರು. ಪತಿಯವರು ಸೇನೆಯಲ್ಲಿ ವಿಮಾನಗಳ ದುರಸ್ತಿ ಮಾಡಿ ನಿವೃತ್ತರಾದ ತಂತ್ರಜ್ಞರು. ಅವರನ್ನು ನಾನು ಸರ್ ಎಂದು ಕರೆಯುತ್ತೇನೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರ ಪತ್ನಿ ಇಳಕಲ್ಲಿನ ನೇಕಾರ ಮನೆತನದ ಮಗಳು, ನನಗೆ ವೈನಿ, ಅಂದರೆ ಅತ್ತಿಗೆ. ನಾನು ಪ್ರೌಢಶಾಲೆಯಲ್ಲಿ ವ್ಯಾಕರಣ ಕಲಿಸಿ, ಸ್ವಯಂನಿವೃತ್ತಿ ಪಡೆದು ಅವರ ಪಕ್ಕದ ಮನೆಯಲ್ಲಿದ್ದವಳು. ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಲೇಬೇಕೆಂಬುದು ಸರ್ ಅವರು ಸೇನೆಯಿಂದ ತಂದ ನಿಯಮ. ಗಂಡ ಹೆಂಡತಿ ಪರಸ್ಪರ ಪರೀಕ್ಷಿಸಿಕೊಂಡರೆ ಅದು ಪರೀಕ್ಷೆಯಾಗದೆಂಬುದು ವೈನಿಯವರ ಅಭಿಪ್ರಾಯ. ಅಲ್ಪವಿರಾಮ ಬಿಟ್ಟರೂ ಅರ್ಧ ಅಂಕ ಕಡಿಯುತ್ತಿದ್ದ ಅಕ್ಕೋರು ಪಕ್ಕದಲ್ಲೇ ಇರುವಾಗ ಹೊರಗೆ ಹುಡುಕುವುದೇಕೆಂದು ಅವರೇ ಕೇಳಿದರಂತೆ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ಹೀಗೆ ನಾನು ವಖಾರಿಯ ಅಕ್ಕೋರಾದೆ.

ನಮ್ಮ ಕೆಲಸದ ಕ್ರಮ ಉಕ್ತಲೇಖನದ ಹಾಗಿತ್ತು. ನಾನು ಕೈಪಿಡಿಯ ಒಂದು ವಾಕ್ಯವನ್ನು ಕನ್ನಡಕ್ಕೆ ತಂದು ಗಟ್ಟಿಯಾಗಿ ಓದುತ್ತಿದ್ದೆ. ಕೆಲಸ ಮಾಡುವವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದ್ದು ಸರಿಯಾಗಿದ್ದರೆ ಮಾತ್ರ ಕೈ ಹಚ್ಚಬೇಕು. ಮುಗಿದ ಮೇಲೆ ನಾನು ನೋಡಿ ಸಹಿ ಹಾಕಬೇಕು. ಆರಂಭದಲ್ಲಿ ಸರ್ ಇದಕ್ಕೆ ನಕ್ಕಿದ್ದರು. ಕ್ರಮೇಣ, ನಾನು ಓದುವ ಮುನ್ನವೇ ಸ್ಪ್ಯಾನರ್ ಎತ್ತಿಕೊಂಡರೆ ತಾವೇ ಅದನ್ನು ಕೆಳಗಿಡುವಷ್ಟು ರೂಢಿಯಾಯಿತು.

ಈ ಕಥನದ ಕೇಂದ್ರದಲ್ಲಿರುವುದು ಬಾಲದ ಎಲಿವೇಟರ್ ಎಂಬ ಭಾಗ. ಹೆಸರು ಕೇಳಿ ಬಹುಮಹಡಿ ಕಟ್ಟಡದ ಲಿಫ್ಟನ್ನು ನೆನೆಯಬಾರದು. ವಿಮಾನದ ಬಾಲದಲ್ಲಿ ಎಡಕ್ಕೂ ಬಲಕ್ಕೂ ಚಾಚಿದ, ಅಲುಗದ ಎರಡು ಕಿರುರೆಕ್ಕೆಗಳಿರುತ್ತವೆ. ಅವುಗಳ ಹಿಂದಂಚಿಗೆ ಬಾಗಿಲಿನಂತೆ ಕೀಲುಗಳಿಂದ ತಗುಲಿ, ಮೇಲೆ ಕೆಳಗೆ ಆಡುವ ಭಾಗವೇ ಎಲಿವೇಟರ್. ವಿಮಾನ ಏರುವುದೂ ಇಳಿಯುವುದೂ ಅದರಿಂದಲೇ. ನಮ್ಮ ಮಾದರಿಯಲ್ಲಿ ಅದೊಂದು ತೆಳು ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು. ಅದರ ಮೇಲೆ ಪಾಲಿಯೆಸ್ಟರ್ ಬಟ್ಟೆ. ಬಟ್ಟೆಯನ್ನು ಅಂಚುಗಳಿಗೆ ಅಂಟಿಸಿ, ಇಸ್ತ್ರಿಪೆಟ್ಟಿಗೆಯ ಅಳತೆಯ ಬಿಸಿಯಿಂದ ಬಿಗಿಗೊಳಿಸಿ, ಚೌಕಟ್ಟಿನ ಪಕ್ಕೆಲುಬುಗಳಿಗೆ ಮೇಣದ ದಾರದಿಂದ ಹೊಲಿಯಬೇಕು. ಆಮೇಲೆ ಬಣ್ಣ. ಬಟ್ಟೆಯ ಕೆಲಸವೆಲ್ಲ ವೈನಿಯವರದು. ಇಸ್ತ್ರಿಯ ಶಾಖಕ್ಕೆ ಬಟ್ಟೆ ಸುಕ್ಕು ಬಿಟ್ಟು ತಬಲಾದ ಚರ್ಮದಂತೆ ಬಿಗಿಯುವುದನ್ನು ನೋಡುತ್ತ ನಿಲ್ಲುವುದು ನನಗೆ ಆ ದಿನಗಳ ದೊಡ್ಡ ಸುಖವಾಗಿತ್ತು.

ಎಲಿವೇಟರಿಗೆ ಇನ್ನೊಂದು ಕಟ್ಟುಪಾಡಿದೆ. ಕೀಲಿನ ಹಿಂದಿನ ಭಾಗ ಮುಂದಿನ ಭಾಗಕ್ಕಿಂತ ಭಾರವಾಗಬಾರದು. ಅದಕ್ಕಾಗಿಯೇ ಕೀಲಿನ ಮುಂದೆ ಸೀಸದ ತುಂಡೊಂದನ್ನು ಕೂರಿಸಿರುತ್ತಾರೆ. ಹಿಂಭಾಗ ಭಾರವಾದರೆ, ನೆಲದ ಮೇಲೆ ಏನೂ ತಿಳಿಯುವುದಿಲ್ಲ. ಆಕಾಶದಲ್ಲಿ, ಒಂದು ವೇಗ ದಾಟಿದ ಮೇಲೆ, ಅದು ಗಾಳಿಗೆ ಸಿಕ್ಕ ಪತಾಕೆಯಂತೆ ತನ್ನಷ್ಟಕ್ಕೆ ಬಡಿದುಕೊಳ್ಳತೊಡಗಬಹುದು. ಚಾಲಕನಿಗೆ ಅರಿವಾಗುವಷ್ಟರಲ್ಲಿ ಬಾಲವೇ ಕಿತ್ತುಹೋಗಬಹುದು. ಮೊದಲು ಬಳಿದ ಬಿಳಿಯ ಬಣ್ಣದ ನಂತರ ನಾವು ಈ ಸಮತೂಕವನ್ನು ನೋಡಿದ್ದೆವು. ಸರಿಯಾಗಿತ್ತು. ನಾನು ಸಹಿ ಹಾಕಿದ್ದೆ.

ಅನಂತರ ಬಂದದ್ದು ಸೆರಗಿನ ವಿಚಾರ.

ಇಳಕಲ್ ಸೀರೆಯ ಸೆರಗು ಕೆಂಪು. ಅದರ ಮೇಲೆ ಜೋಳದ ತೆನೆಗಳು ಸಾಲಾಗಿ ನಿಂತಂತೆ ಬಿಳಿಯ ವಿನ್ಯಾಸ. ಅದನ್ನು ತೋಪ ತೆನಿ ಎನ್ನುತ್ತಾರೆ. ತಮ್ಮ ಕೈಯಿಂದ ಬಟ್ಟೆ ಹೊದ್ದು ಹೊರಡುವ ವಿಮಾನಕ್ಕೂ ಅಂಥ ಸೆರಗಿರಬೇಕೆಂದು ವೈನಿಯವರ ಆಸೆ. ತಮ್ಮ ತಂದೆ ತೆನೆ ಮೂಡದ ಸೀರೆಯನ್ನು ಮಗ್ಗದಿಂದ ಇಳಿಸಿದ್ದನ್ನೇ ತಾವು ನೋಡಿಲ್ಲ ಎಂದರು. ವಿಮಾನದ ಸೆರಗು ಯಾವುದು? ಬಾಲದ ತುದಿ, ಅಂದರೆ ಎಲಿವೇಟರಿನ ಹಿಂದಂಚು. ನಮಗೆ ಮೂವರಿಗೂ ಅದು ಸಹಜವೆನಿಸಿತು. ಬೇರೆ ಊರಿನವರಾಗಿದ್ದರೆ ಅವರಿಗೆ ಹೊಳೆಯುತ್ತಲೂ ಇರಲಿಲ್ಲ.

ವೈನಿ ಅಂಟುಪಟ್ಟಿಯನ್ನು ತೆನೆಯ ಆಕಾರದಲ್ಲಿ ಕತ್ತರಿಸಿ, ಒಂದೊಂದನ್ನೂ ಅಳೆದು ಅಂಟಿಸಿದರು. ಅದರ ಮೇಲೆ ಕೆಂಪು ಬಳಿದು ಪಟ್ಟಿ ಕಿತ್ತರೆ ಬಿಳಿಯ ತೆನೆಗಳು ಉಳಿಯುತ್ತವೆ. ಬಿಳಿಯ ಮೇಲೆ ಕೆಂಪು ಸುಲಭವಾಗಿ ಹಿಡಿಯುವುದಿಲ್ಲ. ಮಾಸಲಾಗಿ ಕಂಡಾಗಲೆಲ್ಲ ಇನ್ನೊಂದು ಲೇಪ ಕೊಟ್ಟರು. ಸೀರೆಯಲ್ಲಿ ಸೆರಗು ರೇಷ್ಮೆಯದಾದ್ದರಿಂದ ಅದಕ್ಕೆ ತುಸು ಭಾರ ಹೆಚ್ಚು, ಆ ಭಾರದಿಂದಲೇ ಅದು ಹೆಗಲಿನಿಂದ ಚೆಂದವಾಗಿ ಇಳಿಯುತ್ತದೆ ಎಂದು ಬಣ್ಣ ಬಳಿಯುತ್ತಲೇ ನನಗೆ ವಿವರಿಸಿದರು. ನಾನು ತಲೆದೂಗಿದೆ. ಕೊನೆಗೆ ಹೊಳಪಿನ ಲೇಪವೂ ಆಯಿತು. ಈ ಇಡೀ ಅಲಂಕಾರ ಕೈಪಿಡಿಯಲ್ಲಿ ಇರಲಿಲ್ಲವಾದ್ದರಿಂದ ನಾನು ಯಾವ ವಾಕ್ಯವನ್ನೂ ಓದಲಿಲ್ಲ, ಯಾರೂ ತಿರುಗಿ ಹೇಳಲಿಲ್ಲ.

ಮೇ ತಿಂಗಳಲ್ಲಿ ತಪಾಸಣಾಧಿಕಾರಿ ಬೆಂಗಳೂರಿನಿಂದ ಬರುವ ದಿನ ಗೊತ್ತಾಯಿತು. ಅವರು ಒಪ್ಪಿದರೆ ವಿಮಾನವನ್ನು ಜಿಲ್ಲೆಯ ಅಂಚಿನ ಒಂದು ಖಾಸಗಿ ಮಣ್ಣಿನ ಓಡುಪಥಕ್ಕೆ ಒಯ್ದು ಮೊದಲ ಹಾರಾಟ. ಹಾರಿಸಲು ಒಪ್ಪಿದ್ದವರು ಬಾದಾಮಿಯ ಒಬ್ಬ ವೈಮಾನಿಕರು, ಸರ್ ಅವರ ಸೇನೆಯ ದಿನಗಳ ಗೆಳೆಯರು. ಈ ಗೆಳೆಯರನ್ನು ಸರ್ ಭಾಯಿ ಎಂದು ಕರೆಯುತ್ತಿದ್ದರು. ಅವರ ವೈದ್ಯಕೀಯ ಪ್ರಮಾಣಪತ್ರದ ಅವಧಿ ಜೂನ್ ಕೊನೆಗೆ ಮುಗಿಯುವುದಿತ್ತು. ಕಿವಿಯೊಂದು ಮಂದವಾಗುತ್ತಿದೆ, ಮುಂದಿನ ಪರೀಕ್ಷೆಯಲ್ಲಿ ತಾವು ಪಾಸಾಗುವುದಿಲ್ಲವೆಂದು ಅವರೇ ನಗುತ್ತ ಹೇಳಿದ್ದರು. ಜೀವಮಾನವಿಡೀ ಬೇರೆಯವರು ಹಾರಿಸಿ ನೋಡಿದ ವಿಮಾನಗಳನ್ನೇ ಹಾರಿಸಿದವರು. ಎಂದೂ ನೆಲ ಬಿಡದ ಒಂದನ್ನು ಮೊದಲ ಬಾರಿ ಎತ್ತಬೇಕೆಂಬುದು ಅವರ ಒಂದೇ ಬಯಕೆ. ಮಳೆ ಹಿಡಿದರೆ ಆ ಎರೆಮಣ್ಣಿನ ಓಡುಪಥ ತಿಂಗಳುಗಟ್ಟಲೆ ಕೆಸರು. ಆದ್ದರಿಂದ ತಪಾಸಣೆಯ ದಿನ ತಪ್ಪಿದರೆ ಅವರ ಅವಕಾಶವೂ ತಪ್ಪುವಂತಿತ್ತು.

ತಪಾಸಣೆಗೆ ಮೂರು ದಿನ ಮುಂಚೆ ನಾನು ಬಾಕಿ ಉಳಿದ ವಾಕ್ಯಗಳನ್ನು ಓದುತ್ತ ಬಂದೆ. ಅವುಗಳಲ್ಲಿ ಒಂದು: ಕೊನೆಯ ಬಣ್ಣ ಒಣಗಿದ ಮೇಲೆ ಎಲಿವೇಟರುಗಳನ್ನು ಬಿಚ್ಚಿ ಸಮತೂಕವನ್ನು ಮತ್ತೊಮ್ಮೆ ನೋಡತಕ್ಕದ್ದು. ಸರ್ ತಿರುಗಿ ಹೇಳಿದರು, ಬಿಚ್ಚಿದರು. ಮಟ್ಟ ಮಾಡಿದ ಮೇಜಿನ ಮೇಲೆ ಎರಡು ಕಂಬಗಳ ನಡುವೆ ಮೊದಲು ಎಡದ ಎಲಿವೇಟರನ್ನು ಅದರ ಕೀಲಿನಿಂದಲೇ ತೂಗುಬಿಟ್ಟೆವು. ಗಾಳಿ ತಾಗಬಾರದೆಂದು ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿದೆವು. ಹುನಗುಂದದ ಮೇ ತಿಂಗಳ ಮಧ್ಯಾಹ್ನದಲ್ಲಿ ತಗಡಿನ ಮಾಡಿನ ಕೆಳಗೆ ಫ್ಯಾನ್ ಇಲ್ಲದೆ ನಿಂತವರಿಗೆ ಮಾತ್ರ ಅದರ ಅರ್ಥ ಗೊತ್ತು.

ಸರ್ ಕೈ ಬಿಟ್ಟರು. ಎಲಿವೇಟರ್ ಕ್ಷಣಕಾಲ ಯೋಚಿಸಿದಂತೆ ನಿಂತು, ಕೆಂಪು ಅಂಚನ್ನು ಮೆಲ್ಲಗೆ ಕೆಳಗಿಳಿಸಿ, ಮೇಜಿಗೆ ತಾಗಿಸಿತು.

“ಫ್ಯಾನಿನ ಗಾಳಿ ಇರಬೇಕು,” ಎಂದರು ವೈನಿ.

“ಫ್ಯಾನ್ ಬಂದ್ ಐತಿ,” ಎಂದರು ಸರ್.

ಮತ್ತೆ ಮಟ್ಟ ನೋಡಿದೆವು. ಕೀಲಿಗೆ ಎಣ್ಣೆ ಬಿಟ್ಟೆವು. ಕಂಬಗಳನ್ನು ಅದಲುಬದಲು ಮಾಡಿದೆವು. ಎಡದ್ದನ್ನು ತೆಗೆದು ಬಲದ್ದನ್ನು ತೂಗಿದೆವು. ಎರಡೂ ಹಿಂದಕ್ಕೇ ಬಾಗಿದವು. ಬಣ್ಣದ ಭಾರ ಬೊಗಸೆ ಜೋಳದಷ್ಟೂ ಇರಲಾರದು. ಆದರೆ ಅದು ಕೀಲಿನಿಂದ ಅತ್ಯಂತ ದೂರದ ಅಂಚಿನಲ್ಲಿತ್ತು, ತಕ್ಕಡಿಯ ತೋಳು ಉದ್ದವಾದಷ್ಟೂ ತುದಿಯ ಚೂರಿಗೆ ಬಲ ಹೆಚ್ಚು.

ಸರ್ ಮೊದಲು ಸೀಸವನ್ನು ಹೆಚ್ಚಿಸಿದರು. ಕೈಪಿಡಿ ಅನುಮತಿಸುವ ಮಿತಿಯವರೆಗೆ ಸೇರಿಸಿದರೂ ಅಂಚು ಕೆಳಗಿಳಿಯುವುದು ನಿಲ್ಲಲಿಲ್ಲ. ಮಿತಿ ಮೀರಿದರೆ ಸೀಸ ಹಿಡಿದ ಪಟ್ಟಿ ತಾಳುತ್ತದೆಂದು ಹೇಳಲು ಯಾರಿಗೂ ಅಧಿಕಾರವಿರಲಿಲ್ಲ. ಮರುದಿನ ಬಣ್ಣವನ್ನು ನೀರು ಹಚ್ಚಿದ ಮರಳುಕಾಗದದಿಂದ ಉಜ್ಜಿ ತೆಳುವಾಗಿಸಲು ನೋಡಿದೆವು. ವೈನಿಯೇ ಉಜ್ಜಿದರು, ಬೆರಳ ತುದಿಯಿಂದ, ಉಸಿರು ಹಿಡಿದು. ಪಕ್ಕೆಲುಬಿನ ಏಣು ಇದ್ದಲ್ಲಿ ಬಣ್ಣದ ಕೆಳಗಿನ ನೂಲು ಕಾಣಿಸಿತು. ಒಂದೆರಡು ಎಳೆ ಹರಿದಿದ್ದವು. ಬಟ್ಟೆಗೆ ಗಾಯವಾದ ಮೇಲೆ ಉಜ್ಜುವ ದಾರಿಯೂ ಮುಚ್ಚಿತು.

ಉಳಿದದ್ದು ಒಂದೇ: ಬಟ್ಟೆಯನ್ನು ಪೂರ್ತಿ ತೆಗೆದು ಹೊಸದಾಗಿ ಹೊದಿಸುವುದು. ಪೆಟ್ಟಿಗೆಯೊಡನೆ ಬಂದಿದ್ದ ಬಟ್ಟೆಯಲ್ಲಿ ಅಷ್ಟು ಮಿಕ್ಕಿತ್ತು. ಸಮಯ ಮಿಕ್ಕಿರಲಿಲ್ಲ. ಅಂಟು, ಹೊಲಿಗೆ, ಲೇಪಗಳು, ಪ್ರತಿಯೊಂದೂ ಒಣಗುವ ಅವಧಿ ಎಲ್ಲ ಸೇರಿ ಒಂದು ವಾರಕ್ಕೆ ಕಡಿಮೆಯಿಲ್ಲ. ಅಧಿಕಾರಿ ಬರುವುದು ನಾಡಿದ್ದು.

ಸರ್ ಅಳೆದು ತೂಗಿ ಒಂದು ದಾರಿ ಹೇಳಿದರು. ಈ ವಿಮಾನ ನಿಧಾನದ್ದು. ಮೊದಲ ಹಾರಾಟದಲ್ಲಿ ಅಪಾಯದ ವೇಗದ ಹತ್ತಿರಕ್ಕೂ ಹೋಗುವುದಿಲ್ಲ. ತಪಾಸಣೆ ಮುಗಿಯಲಿ, ಭಾಯಿ ಹಾರಿಸಲಿ, ಮಳೆಗಾಲದಲ್ಲಿ ನಿಧಾನವಾಗಿ ಬಟ್ಟೆ ಬದಲಿಸೋಣ. ಅವರು ಅಜಾಗರೂಕರಲ್ಲ. ಗೆಳೆಯನ ಕೊನೆಯ ಅವಕಾಶವನ್ನು ಉಳಿಸಬೇಕೆಂಬ ಆತುರ ಅವರಿಂದ ಆ ಮಾತನ್ನು ಆಡಿಸಿತು.

ನನಗೆ ವಾದ ಮಾಡುವಷ್ಟು ತಾಂತ್ರಿಕ ಜ್ಞಾನವಿರಲಿಲ್ಲ. ಇದ್ದದ್ದು ನನ್ನ ಕ್ರಮ ಒಂದೇ. ಕೈಪಿಡಿಯನ್ನು ತೆರೆದು, ಹಿಂಭಾಗ ಭಾರವಿರುವ ಎಲಿವೇಟರಿನೊಂದಿಗೆ ಯಾವ ಕಾರಣಕ್ಕೂ ಹಾರತಕ್ಕದ್ದಲ್ಲ ಎಂಬ ವಾಕ್ಯವನ್ನು ಓದಿದೆ.

“ತಿರುಗಿ ಹೇಳ್ರಿ, ಸರ್,” ಎಂದೆ.

ಅವರು ಹೇಳಲಿಲ್ಲ. ನೆಲ ನೋಡುತ್ತ, ಭಾಯಿಗೆ ವೇಗ ಹೆಚ್ಚಿಸಬೇಡವೆಂದು ಮೊದಲೇ ಹೇಳಿಬಿಡೋಣ ಎಂದರು. ವೈನಿ ತಲೆಯೆತ್ತಿದರು.

“ಯಾಕ ಹೆಚ್ಚಿಸಬಾರದು ಅಂತ ಅವರು ಕೇಳ್ತಾರಲ್ರಿ. ಏನ್ ಹೇಳ್ತೀರಿ? ನನ್ನ ಹೆಂಡತಿ ಸೆರಗು ಬರದಾಳ, ಅದಕ್ಕ ಅಂತ ಹೇಳ್ತೀರೇನು?”

ವೈನಿ ಒಳಗೆ ಹೋಗಿ ಬಟ್ಟೆಯ ಕತ್ತರಿ ತಂದರು. ತಡೆಯಲು ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಒಂದು ರಾತ್ರಿ ಯೋಚಿಸೋಣವೆಂದೆ.

“ಅಕ್ಕೋರ, ನಮ್ಮ ಮನ್ಯಾಗ ಸೀರಿ ಮುಗೀತಂದ್ರ ಮಗ್ಗದಿಂದ ಕೊಯ್ದ ಇಳಸ್ತಾರ,” ಎಂದರು. “ಕೊಯ್ಯೂದು ನನಗ ಹೊಸಾದಲ್ಲ. ನೀವು ಆ ಕಡಿ ಹಿಡೀರಿ.”

ನಾನು ಹಿಡಿದೆ. ಬಿಗಿದ ಬಟ್ಟೆಗೆ ಕತ್ತರಿ ತಾಗಿದೊಡನೆ ಅದು ಪಟ್ಟೆಂದು ಸದ್ದು ಮಾಡಿ ಬಾಯ್ಬಿಟ್ಟಿತು. ತೆನೆಯ ಸಾಲಿನ ಪಕ್ಕದಲ್ಲೇ, ಒಂದೂ ತೆನೆಯನ್ನು ಮುರಿಯದೆ, ನೇರವಾಗಿ ಕತ್ತರಿಸಿದರು. ಎರಡನೆಯ ಎಲಿವೇಟರ್ ಅರ್ಧವಾದಾಗ ಮಾತ್ರ ಒಮ್ಮೆ ನಿಂತು, ಮೂಗು ಒರೆಸಿಕೊಂಡು, ಮಸಾಲೆ ಕುಟ್ಟುವಾಗಲೂ ತಮಗೆ ಹೀಗೆಯೇ ಆಗುತ್ತದೆಂದರು. ವಖಾರಿಯಲ್ಲಿ ಮಸಾಲೆ ಇರಲಿಲ್ಲ. ಕತ್ತರಿಸಿದ ಭಾಗವನ್ನು ಸರ್ ಎತ್ತಿ ಕಪಾಟಿನಲ್ಲಿ ಇಟ್ಟರು. ಬಳಿಕ ತಾವೇ ಅಧಿಕಾರಿಗೂ ಭಾಯಿಗೂ ಫೋನ್ ಮಾಡಿದರು.

ತಪಾಸಣಾಧಿಕಾರಿ ಕಾರಣವನ್ನು ಪೂರ್ತಿ ಕೇಳಿಸಿಕೊಂಡರು. ಬಣ್ಣ ಯಾವುದು, ಎಷ್ಟು ಲೇಪ, ಸೀಸ ಎಷ್ಟು ಸೇರಿಸಿದಿರಿ ಎಂದು ವಿಚಾರಿಸಿದರು. ಸರ್ ಒಂದನ್ನೂ ಮರೆಮಾಚಲಿಲ್ಲ. “ನೀವಾಗಿಯೇ ತಿಳಿಸಿದಿರಿ, ಸಂತೋಷ. ತಿಂಗಳ ಕೊನೆಗೆ ಬೆಳಗಾವಿಗೆ ಬರುವುದಿದೆ, ಹಿಂತಿರುಗುವಾಗ ನಿಮ್ಮಲ್ಲಿಗೆ ಬರುತ್ತೇನೆ. ಮಳೆಯ ಭರವಸೆ ನಾನು ಕೊಡಲಾರೆ,” ಎಂದರು. ಅವರು ನಮಗೆ ಮಾಡಬೇಕಾಗಿರದಿದ್ದ ಉಪಕಾರವದು.

ಬಾದಾಮಿಯ ವೈಮಾನಿಕರು, ನಿಧಾನ ಹಾರಿಸುವ ಯೋಚನೆಯೂ ಸೇರಿ ಎಲ್ಲವನ್ನೂ ಸರ್ ಬಾಯಿಂದಲೇ ಫೋನಿನಲ್ಲಿ ಕೇಳಿಕೊಂಡರಂತೆ. ಮರುದಿನ ಬೆಳಗಿನ ಬಸ್ಸಿಗೆ ತಾವೇ ಬಂದಿಳಿದರು, ಹೆಗಲಿಗೊಂದು ಚೀಲ ಹಾಕಿಕೊಂಡು. ತಮ್ಮ ಅವಕಾಶ ಕೈತಪ್ಪಬಹುದಾದ ಸಂಗತಿಯನ್ನು ಅವರು ಎತ್ತಲೇ ಇಲ್ಲ. ಬರಿಯ ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಸರ್ ಕಡೆ ತಿರುಗಿದರು.

“ಲೇ, ನಿಧಾನ ಹಾರಿಸು ಅಂತ ನನಗ ಹೇಳಾಂವ ಇದ್ದಿಯಂತ? ಇಪ್ಪತ್ತು ವರ್ಷದಿಂದ ನನ್ನ ಸ್ಕೂಟರ್ ಹಿಂದ ಕುಂತು ಅದನ್ನ ಹೇಳಾಕತ್ತಿ. ನಾ ಯಾವತ್ತರ ಕೇಳೇನೇನು?”

ಎರಡು ದಿನಗಳ ನಂತರ ಸರ್ ನಕ್ಕದ್ದು ಆಗಲೇ.

ಪಕ್ಕೆಲುಬಿಗೆ ಬಟ್ಟೆ ಹೊಲಿಯಲು ಇಬ್ಬರು ಬೇಕು. ಒಬ್ಬರು ಈ ಬದಿಯಿಂದ ಉದ್ದನೆಯ ಸೂಜಿ ಚುಚ್ಚಬೇಕು, ಇನ್ನೊಬ್ಬರು ಆ ಬದಿಯಲ್ಲಿ ಹಿಡಿದು ಮರಳಿಸಬೇಕು. ಮೊದಲ ಬಾರಿ ವೈನಿಗೆ ಎದುರಾಗಿ ಕುಳಿತವರು ಸರ್. ಈ ಸಲ ಆ ಜಾಗಕ್ಕೆ ವೈಮಾನಿಕರು ತಾವಾಗಿ ಹೋಗಿ ಕುಳಿತರು. ನಾನು ಓದಿದೆ, ಅವರಿಬ್ಬರೂ ತಿರುಗಿ ಹೇಳಿದರು. ವೈನಿ ಮೊದಲೆರಡು ಗಂಟುಗಳನ್ನು ಅವರ ಕೈಯಲ್ಲೇ ಹಾಕಿಸಿ, ಸಡಿಲವೆಂದು ಬಿಚ್ಚಿಸಿದರು. ಇನ್ನು ಬಿಚ್ಚಿಸಿದರೆ ಬಾದಾಮಿ ಬಸ್ಸು ಹಿಡಿಯುತ್ತೇನೆಂದು ಅವರು ಹೆದರಿಸಿದರು. ಹೋಗುವುದಾದರೆ ಸೂಜಿ ಕೊಟ್ಟು ಹೋಗಿರಿ ಎಂದು ವೈನಿ ಉತ್ತರಿಸಿದರು. ಮೂರನೆಯ ಗಂಟು ನಿಂತಿತು. ಆ ವಾರವೆಲ್ಲ ಸೂಜಿ ಬಟ್ಟೆಯ ಆಚೆಗೂ ಈಚೆಗೂ ಹೋಗಿ ಬರುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ ದಾರದ ಬಿಗಿಯಿಂದಲೇ ಅವರಿಗೆ ಪರಸ್ಪರರ ಕೈ ತಿಳಿಯುತ್ತಿತ್ತು.

ಬಿಳಿಯ ಲೇಪ ಮಾತ್ರ ಕೊಟ್ಟೆವು, ತೆಳ್ಳಗೆ. ಒಣಗಿದ ಮೇಲೆ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ ಮತ್ತೆ ತೂಗಿದೆವು. ಸರ್ ಕೈ ಬಿಟ್ಟರು. ಎಲಿವೇಟರ್ ಬಿಟ್ಟಲ್ಲೇ ನಿಂತಿತು. ನೀರಿನ ಮಟ್ಟದಂತೆ ಅಡ್ಡಲಾಗಿ, ಎತ್ತಲೂ ವಾಲದೆ. ನಾವು ನಾಲ್ವರೂ ಬೆವರು ಸುರಿಸುತ್ತ ಅದನ್ನು ನೋಡುತ್ತಲೇ ಇದ್ದೆವು. ಫ್ಯಾನ್ ಹಾಕಬೇಕೆಂಬ ನೆನಪು ಯಾರಿಗೂ ಆಗಲಿಲ್ಲ. ಸಹಿ ಹಾಕುವಾಗ ನನ್ನ ಅಕ್ಷರ ಎಂದಿನಷ್ಟು ದುಂಡಾಗಿ ಬರಲಿಲ್ಲ.

ಅಧಿಕಾರಿ ಹೇಳಿದಂತೆ ಬಂದು, ದಿನವಿಡೀ ನೋಡಿ, ಒಪ್ಪಿದರು. ಅವರು ಹೋದ ಸಂಜೆಯೇ ಮಳೆ ಹೊಡೆಯಿತು. ವಿಮಾನವನ್ನು ಓಡುಪಥದ ಪಕ್ಕದ ಶೆಡ್ಡಿಗೆ ಸಾಗಿಸಿ ಕಾದೆವು. ನೆಲ ಆರುವಷ್ಟರಲ್ಲಿ ಇನ್ನೊಂದು ಮಳೆ. ಜೂನ್ ಕರಗುತ್ತಿತ್ತು. ವೈಮಾನಿಕರು ದಿನಾಲೂ ಬೆಳಿಗ್ಗೆ ಓಡುಪಥದ ಉದ್ದಕ್ಕೂ ನಡೆದು, ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಿ, ತಲೆಯಲ್ಲಾಡಿಸಿ ಮರಳುತ್ತಿದ್ದರು. ಅವರ ಎದುರು ಕಣ್ಣೆತ್ತಲು ಸರ್ ಅಳುಕುತ್ತಿದ್ದರು. ತಿಂಗಳ ಮೂರನೆಯ ವಾರದಲ್ಲಿ ಮೋಡ ಸರಿದು, ನಾಲ್ಕು ದಿನ ಒಣಗಾಳಿ ಬೀಸಿತು. ಐದನೆಯ ಬೆಳಿಗ್ಗೆ ಅವರು ಮಣ್ಣು ಒತ್ತಿ ನೋಡಿದವರು ತಲೆಯಲ್ಲಾಡಿಸಲಿಲ್ಲ. ನೇರವಾಗಿ ಶೆಡ್ಡಿನ ಕಡೆ ನಡೆದರು.

ಹಾರಾಟದ ವರ್ಣನೆ ನನ್ನಿಂದಾಗದು. ಗಾಲಿ ನೆಲ ಬಿಟ್ಟ ಕ್ಷಣದಲ್ಲಿ ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಅದು ಸಜ್ಜೆಯ ಹೊಲಗಳಾಚೆ, ಅಂಗೈಯಷ್ಟಾಗಿ, ಮೆಲ್ಲಗೆ ತಿರುಗುತ್ತಿತ್ತು. ಸರ್ ಬಾಲವನ್ನೇ ದಿಟ್ಟಿಸುತ್ತಿದ್ದರು. ಎಷ್ಟು ಮಂದಿಗೆ ನಾನು ಋಣಿಯೆಂದು ಆಗ ಲೆಕ್ಕ ಹಾಕಹೊರಟು ಕೈಬಿಟ್ಟೆ. ಮೇಜಿನ ಮೇಲೆಯೇ ಬಾಗಿ ನಮ್ಮನ್ನು ಎಚ್ಚರಿಸಿದ ಆ ಎಲಿವೇಟರಿಗೂ ಕೃತಜ್ಞಳಾಗಿದ್ದೆ ಎಂದರೆ ಓದುಗರು ನಗಬಾರದು.

ಇಳಿದು ಬಂದು ಎಂಜಿನ್ ನಿಂತ ಮೇಲೆ ವೈಮಾನಿಕರು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೆಳಗಿಳಿದರು. ಸರ್ ಅವರ ಬೆನ್ನ ಮೇಲೆ ಒಮ್ಮೆ ಬಲವಾಗಿ ಬಡಿದು, ಹಿಂದೆ ಬಾಲದ ಹತ್ತಿರ ನಿಂತಿದ್ದ ವೈನಿಯ ಕಡೆಗೆ ಬಂದರು. ಮೇಲೆ, ಎಲ್ಲ ಸರಿ ಹೋದ ಮೇಲೆ, ವಿಮಾನ ನಡೆಸುವ ಕೋಲಿನಿಂದ ಒಂದು ಸಲ ಕೈ ಬಿಟ್ಟಿದ್ದೆ ಎಂದು ಹೇಳಿದರು.

ವೈನಿ ಗಾಬರಿಯಿಂದ ನೋಡಿದರು. “ಯಾತಕ್ಕ್ರಿ ಹಂಗ?”

“ಆ ಕಡಿಯಿಂದ ದಾರ ಎಳದವರು ಯಾರು ಅಂತ ಗೊತ್ತಿತ್ತಲ್ರಿ,” ಎಂದರು ಅವರು.

ವೈನಿ ಬಾಲದ ಕಡೆ ತಿರುಗಿ, “ಈ ಕಡಿಯಿಂದ ಎಳದವರು ನೀವು ಅನ್ನೂದು ನೆನಪಿದ್ದಿದ್ರ ಬಿಡ್ತಿರ್ಲಿಲ್ಲ,” ಎಂದು ಹೇಳಿ, ಎಲಿವೇಟರಿಗೆ ಹತ್ತಿದ ಹುಳುಗಳನ್ನು ಒರೆಸತೊಡಗಿದರು.